ಬಳಸುವವರು ಯಾರೂ ಇಲ್ಲವೆಂದು ಬರೆದದ್ದು

ಕೆಲವರು ಜಗತ್ತಿಗೆ ಏನನ್ನಾದರೂ ಸೇರಿಸಲು ಹುಟ್ಟಿರುತ್ತಾರೆ, ಕೆಲವರು ಇದ್ದದ್ದನ್ನು ಕಾಯ್ದುಕೊಳ್ಳಲು. ಎರಡೂ ಕೈಲಾಗದ ಮೂರನೆಯ ಪಂಗಡವೊಂದಿದೆ, ನಾನು ಅದರವನು. ನನಗೆ ಬರುವುದು ತೆಗೆಯುವುದೊಂದೇ. ನಮ್ಮ ಮನೆತನದಲ್ಲಿ ಬರೆಯುವವರಿಗೆ ಕೊರತೆಯಿರಲಿಲ್ಲ. ಮುತ್ತಜ್ಜ ಒಂದು ಗ್ರಂಥಕ್ಕೆ ಟೀಕೆ ಬರೆದರಂತೆ. ಅಜ್ಜ ಆ ಟೀಕೆಗೆ ಟಿಪ್ಪಣಿ ಬರೆದರು. ಅಪ್ಪ ಆ ಟಿಪ್ಪಣಿಯಲ್ಲಿದ್ದ ತಪ್ಪುಗಳ ಪಟ್ಟಿ ಮಾಡಿದರು, ಮಾಡಿ ಯಾರಿಗೂ ತೋರಿಸಲಿಲ್ಲ. ನಾಲ್ಕನೆಯ ತಲೆಮಾರಿನವನಾದ ನಾನು ಅಳಿಸಲು ಕುಳಿತೆ. ವಂಶ ಹೀಗೊಂದು ತಾರ್ಕಿಕ ಕೊನೆಗೆ ಬಂದು ಮುಟ್ಟಿತೆಂದು ನನ್ನ ಸಮಾಧಾನ.

ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ವಯಸ್ಸು ಐವತ್ತನಾಲ್ಕು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಲ್ಯಾಬಿಗೆ ಯಾರೂ ಬರುವುದಿಲ್ಲ. ಫ್ಯಾನು ತಿರುಗುತ್ತಿರುತ್ತದೆ, ಹೊರಗೆ ಬೇವಿನ ಮರ ಬಿಸಿಲಿನಲ್ಲಿ ನಿದ್ದೆಗಣ್ಣಾಗಿ ನಿಂತಿರುತ್ತದೆ, ಹೊಟ್ಟೆಯಲ್ಲಿ ಎರಡು ಜೋಳದ ರೊಟ್ಟಿ ಇರುತ್ತವೆ. ಆ ಹೊತ್ತಿನಲ್ಲಿ ನಾನು ಅಳಿಸುತ್ತೇನೆ. ಏನನ್ನು ಎಂದು ಹೇಳಬೇಕು. ಜಗತ್ತಿನ ನಾನಾ ಮೂಲೆಯ ಜನ ಕೂಡಿ ಬರೆಯುವ ಒಂದು ಆಪರೇಟಿಂಗ್ ಸಿಸ್ಟಮ್ ಇದೆ. ಅದರ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಪರದೆ, ಪ್ರಿಂಟರ್, ಕೀಲಿಮಣೆ ಇವಕ್ಕೆಲ್ಲ ಯಾವಾಗ ಏನು ಮಾಡಬೇಕೆಂದು ಹೇಳುವ ಭಾಗ ಅದು. ಅದರ ಜೊತೆಗೆ ವಿವರಣೆಯ ಪುಟಗಳಿರುತ್ತವೆ. ಇಂಥ ಯಂತ್ರವನ್ನು ಹೀಗೆ ಜೋಡಿಸಿ, ಹೀಗೆ ಶುರು ಮಾಡಿ, ಇತ್ಯಾದಿ. ವರ್ಷ ಕಳೆದಂತೆ ಕರ್ನಲ್ ಬದಲಾಗುತ್ತದೆ, ಪುಟ ಮಾತ್ರ ಹಳೆಯದನ್ನೇ ಹೇಳುತ್ತ ಕೂತಿರುತ್ತದೆ. ಅಂಥ ಪುಟಗಳನ್ನು ಹುಡುಕಿ, ‘ಇದು ಹಳತಾಗಿದೆ, ತೆಗೆಯೋಣವೇ?’ ಎಂದು ಎಲ್ಲರಿಗೂ ಒಂದು ಇಮೇಲ್ ಕಳಿಸಬೇಕು. ಯಾರೂ ಬೇಡವೆನ್ನದಿದ್ದರೆ ತೆಗೆಯುತ್ತಾರೆ. ಇದಕ್ಕೆ ಸಂಬಳವಿಲ್ಲ, ಶಾಲು ಹಾರವಿಲ್ಲ. ಆದರೂ ಒಂದು ಪುಟ ಹೋದ ದಿನ ನನಗೆ ಅಂಗಳ ಗುಡಿಸಿ ನೀರು ಚಿಮುಕಿಸಿದ ಹಾಗೆ ಅನಿಸುತ್ತದೆ.

ನನ್ನ ಹೆಂಡತಿ ವೈಜಯಂತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಸಂಜೆ ನಾನು ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ, “ಇವತ್ತ ಎಷ್ಟ ಅಳಿಸಿದ್ರಿ?” ಎಂದು ಕೇಳುತ್ತಾಳೆ. ನೆಂಟರು ಬಂದಾಗ, “ನಮ್ಮ ಮನಿಯವರು ಕಂಪ್ಯೂಟರಿನ್ಯಾಗ ಭಾಳ ದೊಡ್ಡ ಕೆಲಸ ಮಾಡ್ತಾರ” ಎಂದು ಶುರು ಮಾಡಿ, ಅವರು ಕಣ್ಣರಳಿಸಿದ ಮೇಲೆ, “ಮಂದಿ ಬರದದ್ದ ಒರಸ್ತಾರ” ಎಂದು ಮುಗಿಸುತ್ತಾಳೆ.

ನಿಜ ಹೇಳಬೇಕೆಂದರೆ ನಾನು ಬೇಗ ಅಳಿಸುವವನೂ ಅಲ್ಲ. ಅಳಿಸುವ ಮೊದಲು ಪುಟವನ್ನು ಓದಬೇಕಲ್ಲ, ಅಲ್ಲಿಯೇ ನಾನು ಕಳೆದುಹೋಗುತ್ತೇನೆ. ಹಳೆಯ ಪುಟಗಳಿಗೆ ಒಂದು ಸಾವಧಾನವಿರುತ್ತದೆ. ‘ಯಂತ್ರವು ಗುರ್ ಎಂದರೆ ಹೆದರಬೇಡಿ’ ಎಂದು ಯಾರೋ ಬರೆದಿರುತ್ತಾರೆ. ಆ ಯಂತ್ರ ಈಗ ಎಲ್ಲೂ ಗುರ್ ಎನ್ನುವುದಿಲ್ಲ, ಹೆದರುವವರೂ ಇಲ್ಲ. ಬರೆದವನು ಯಾವ ಊರಿನವನೋ, ಕಿಟಕಿಯಾಚೆ ಮಂಜು ಬೀಳುತ್ತಿತ್ತೋ ಏನೋ, ಬಟ್ಟಲಿನ ಕಾಫಿ ಆರುತ್ತಿತ್ತೋ ಏನೋ ಎಂದು ಯೋಚಿಸುತ್ತ ಇದ್ದರೆ ಫ್ಯಾನಿನ ಸದ್ದು ದೂರವಾಗುತ್ತದೆ, ನಾಲ್ಕು ಗಂಟೆಯ ಬೆಲ್ ಹೊಡೆಯುತ್ತದೆ. ನಮ್ಮ ಸೋದರತ್ತೆಯ ಮಾತು ಕೇಳುವಾಗಲೂ ನನಗೆ ಹೀಗೆಯೇ ಆಗುವುದುಂಟು. ಹಳೇ ಬಾಗಲಕೋಟೆಯ ಒಂದು ಪಾಲು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ಕಾಲವಾಯಿತು. ಆದರೂ ಅತ್ತೆ ಯಾರಿಗಾದರೂ ದಾರಿ ಹೇಳಬೇಕಾದರೆ, “ಹಿಟ್ಟಿನ ಗಿರಣಿ ಮುಂದ ಹಾಯ್ದು ಎಡಕ್ಕ ಹೊಳ್ಳಬೇಕು” ಎಂದೇ ಶುರು ಮಾಡುತ್ತಾಳೆ. ಗಿರಣಿ ನೀರಿನಡಿ ಇದೆ. ಎಡಕ್ಕೆ ಹೊರಳಿದರೆ ಮೀನು ಸಿಗುತ್ತವೆ. ನಾವು ಯಾರೂ ಅತ್ತೆಯನ್ನು ತಿದ್ದುವುದಿಲ್ಲ. ಒಂದು ಕ್ಷಣ ಆ ಗಿರಣಿಯ ಹಿಟ್ಟಿನ ವಾಸನೆ ಎಲ್ಲರ ಮೂಗಿಗೂ ಬರುತ್ತದೆ.

ಇಂಥದೇ ಒಂದು ಮಧ್ಯಾಹ್ನ ನನ್ನ ಕಣ್ಣಿಗೆ ಒಂದು ಪುಟ ಬಿತ್ತು. ಕಂಪ್ಯೂಟರಿನ ಬೆನ್ನಿಗೆ ಒಂದು ಸಣ್ಣ ಪೆಟ್ಟಿಗೆ ಜೋಡಿಸಿ, ಅದರ ಮೂಲಕ ಬೇರೆ ಯಂತ್ರಗಳನ್ನು ಓಡಿಸುವ ಬಗೆಯನ್ನು ಹೇಳುವ ಹನ್ನೆರಡು ಸಾಲು. ಪೆಟ್ಟಿಗೆಯನ್ನು ನಡೆಸುವ ಭಾಗ ಕರ್ನಲಿನಲ್ಲಿ ಇನ್ನೂ ಇತ್ತು, ಆದರೆ ಹನ್ನೆರಡರಲ್ಲಿ ಅರ್ಧದಷ್ಟು ಸಾಲುಗಳು ಹೇಳುವುದು ಈಗ ನಡೆಯುವ ಹಾಗಿರಲಿಲ್ಲ. ಎಲ್ಲೋ ಓದಿದ ಹಾಗಿದೆಯಲ್ಲ ಎನಿಸಿತು. ನನಗೆ ಎಲ್ಲ ಹಳೆಯ ಪುಟಗಳೂ ಎಲ್ಲೋ ಓದಿದ ಹಾಗೆಯೇ ಇರುತ್ತವೆ, ಆದ್ದರಿಂದ ಹೆಚ್ಚು ಯೋಚಿಸಲಿಲ್ಲ. ಪುಟವನ್ನು ತೆಗೆಯಬೇಕೆಂದು ಬರೆದೆ. ಕಾರಣ ಕೊಡಬೇಕಲ್ಲ, ‘ಈ ಪೆಟ್ಟಿಗೆಯನ್ನು ಬಳಸುವವರು ಈಗ ಯಾರೂ ಇಲ್ಲ’ ಎಂದು ಸೇರಿಸಿದೆ. ಕಳಿಸಿದೆ. ಆ ವಿಭಾಗದ ಉಸ್ತುವಾರಿ ದೂರದ ಚಳಿದೇಶದ ಒಬ್ಬ ಹೆಣ್ಣುಮಗಳು, ಮಾತು ಬಹಳ ಕಡಿಮೆ. ಎರಡು ದಿನಕ್ಕೆ, ‘ಸರಿ, ಮುಂದಿನ ವಾರ ತೆಗೆಯುತ್ತೇನೆ’ ಎಂದು ಉತ್ತರ ಬಂತು. ನನಗೆ ಅಂಗಳ ಗುಡಿಸಿದ ಸುಖ.

ಆ ಸಂಜೆ ಮನೆಗೆ ಬಂದರೆ ವೈಜಯಂತಿ ಮಂಚದ ಮೇಲೆ ಬಟ್ಟೆ ಹರವಿಕೊಂಡು ಕೂತಿದ್ದಳು. ಇಳಕಲ್ಲಿನಲ್ಲಿ ಅವಳ ತಂಗಿಯ ಮಗಳ ಮದುವೆಯಿತ್ತು. ಸೀರೆ ಗೊತ್ತಾಗಿತ್ತು, ಕುಪ್ಪಸಕ್ಕೆ ಯಾವ ಖಣ ಎನ್ನುವುದು ಗೊತ್ತಾಗಿರಲಿಲ್ಲ. ಎರಡು ಖಣ ಎತ್ತಿ ಹಿಡಿದು, “ಯಾವದು ಚಂದ ಅದ?” ಎಂದಳು. ಒಂದರ ಮೇಲೆ ಸಣ್ಣ ಸಣ್ಣ ಸೂಜಿಮಲ್ಲಿಗೆ ಹೂ. ನಾನು ಆ ಹೂಗಳನ್ನು ನೋಡುತ್ತ ನಿಂತೆ. ಹೂವಿನೊಳಗಿಂದ ಕಟಕಟ ಸದ್ದು ಬಂದ ಹಾಗಾಯಿತು. ಹಿಂದೊಂದು ದಿನ ಗುಳೇದಗುಡ್ಡದ ಒಂದು ಮನೆಯ ಪಡಸಾಲೆಯಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತ, ಕಂಪ್ಯೂಟರಿನ ಬೆನ್ನಿಗೆ ಒಂದು ಪೆಟ್ಟಿಗೆ ಜೋಡಿಸಿದ್ದು ನೆನಪಾಯಿತು. ಮಗ್ಗದಲ್ಲಿ ಇಂಥ ಹೂ ಮೂಡಬೇಕಾದರೆ ಮೊದಲು ರಟ್ಟಿನ ಪಟ್ಟಿಗಳಿಗೆ ಲೆಕ್ಕವಾಗಿ ತೂತು ಹೊಡೆಯಬೇಕು. ಆ ತೂತು ಹೊಡೆಯುವ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ ಕೊಟ್ಟವನು ನಾನೇ. ಜೋಡಿಸುವುದು ಹೇಗೆಂದು ಹೇಳುವ ಹನ್ನೆರಡು ಸಾಲುಗಳ ಪುಟವನ್ನು ಮುದ್ರಿಸಿ, ಪ್ರತಿ ಸಾಲಿನ ಕೆಳಗೆ ಕನ್ನಡದಲ್ಲಿ ಅರ್ಥ ಬರೆದು ಕೊಟ್ಟವನೂ ನಾನೇ.

“ಅಯ್ಯಯ್ಯೋ” ಎಂದೆ.

“ಅಷ್ಟ ಕೆಟ್ಟ ಅದ ಏನ್ರಿ?” ಎಂದು ವೈಜಯಂತಿ ಖಣವನ್ನು ತಿರುಗಿಸಿ ನೋಡಿದಳು.

ನಡೆದದ್ದನ್ನು ಹೇಳಿದೆ. ಗಣಿತದ ಟೀಚರು, ಕೇಳಿದ ಕೂಡಲೆ ಉತ್ತರ ತೆಗೆದಳು. “ಅಂದ್ರ ನೀವು ಜಗತ್ತಿಗೆಲ್ಲ ಕೇಳೂಹಂಗ ಸುಳ್ಳ ಬರದೀರಿ.”

“ಆ ಯಂತ್ರ ಇನ್ನೂ ನಡೀತದೋ ಇಲ್ಲೋ ಯಾರಿಗ್ಗೊತ್ತು?”

“ಗೊತ್ತಿಲ್ಲಂದ್ರ ಗೊತ್ತಿಲ್ಲಂತ ಬರೀಬೇಕಿತ್ತು. ಹೋಗಿ ನೋಡ್ಕೊಂಡ ಬರ್ರಿ. ಗುಳೇದಗುಡ್ಡ ಏನ್ ಚಂದ್ರಲೋಕದಾಗ ಅದ ಏನು?”

ಹೋಗುವುದು ನನಗೆ ಬೇಡವಾಗಿತ್ತು. ಹೋದರೆ ಎರಡೇ ಸಾಧ್ಯತೆ. ಯಂತ್ರ ನಿಂತುಹೋಗಿದ್ದರೆ, ನಾನು ಜೋಡಿಸಿದ್ದು ನಿಂತುಹೋಯಿತೆಂಬ ಬೇಸರ. ನಡೆಯುತ್ತಿದ್ದರೆ, ಮೂವತ್ತು ಚಿಲ್ಲರೆ ಪುಟ ಅಳಿಸಿ ಗಳಿಸಿದ ಹೆಸರನ್ನು ಒಂದು ಇಮೇಲಿನಲ್ಲಿ ಕಳೆದುಕೊಳ್ಳಬೇಕು. ‘ಕ್ಷಮಿಸಿ, ಬಳಸುವವರು ಒಬ್ಬರಿದ್ದಾರೆ, ನಮ್ಮ ಪಕ್ಕದ ಊರಿನಲ್ಲೇ ಇದ್ದಾರೆ, ಅವರಿಗೆ ಅದನ್ನು ಕೊಟ್ಟವನು ನಾನೇ’ ಎಂದು ಬರೆಯುವ ದೃಶ್ಯವನ್ನು ಕಲ್ಪಿಸಿಕೊಂಡು ನಾಲ್ಕು ದಿನ ಮುಂದೂಡಿದೆ. ಐದನೆಯ ದಿನ ಭಾನುವಾರ. ವೈಜಯಂತಿ ಬುತ್ತಿ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಳು. ಬುತ್ತಿ ಕಟ್ಟಿಸಿಕೊಂಡ ಮೇಲೆ ಹೋಗದೇ ಇರಲು ಗಂಡಸಿಗೆ ದಾರಿಯಿಲ್ಲ.

ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಕೆಂಪು ಕಲ್ಲಿನ ಗುಡ್ಡಗಳು ಒಂದರ ಹಿಂದೊಂದು ನಿಧಾನವಾಗಿ ತಿರುಗುತ್ತಿದ್ದವು. ಅರ್ಧ ನಿದ್ದೆಯಲ್ಲಿ ನನಗೆ ಆ ಗುಡ್ಡಗಳಿಗೂ ಯಾರೋ ವಿವರಣೆ ಬರೆದಿಟ್ಟಿರುವಂತೆ, ಅದರಲ್ಲಿ ಮಳೆಯ ಬಗ್ಗೆ ಇದ್ದ ಭಾಗ ಹಳತಾಗಿರುವಂತೆ, ನಾನು ಅದನ್ನು ತೆಗೆಯಬೇಕೋ ಬೇಡವೋ ಎಂದು ಆಡುಗಳನ್ನು ಕೇಳುತ್ತಿರುವಂತೆ ಕನಸು. ಆಡುಗಳು ಬಹಳ ಹೊತ್ತು ಯೋಚಿಸಿದವು. ಕಂಡಕ್ಟರ್ ಭುಜ ತಟ್ಟಿ, “ಗುಳೇದಗುಡ್ಡ ಬಂತ್ರಿ ಯಜಮಾನ್ರ” ಎಂದಾಗ ಅವು ಇನ್ನೂ ಉತ್ತರ ಕೊಟ್ಟಿರಲಿಲ್ಲ.

ಓಣಿ ಹಿಡಿದು ಹೊರಟರೆ ಮಗ್ಗದ ಸದ್ದೇ ದಾರಿ ತೋರಿಸಿತು. ಮನೆ ಮನೆಯಿಂದಲೂ ಬೇರೆ ಬೇರೆ ತಾಳ, ಎಲ್ಲ ಕೂಡಿ ಮಳೆ ಹನಿಯುವ ಹಾಗೆ. ಆ ಮನೆಯ ಬಾಗಿಲಲ್ಲಿ ನಿಂತು, “ಮನಿಯಾಗ ಯಾರದಾರಿ?” ಎಂದು ಕೂಗಿದೆ. ಒಳಗಿನಿಂದ ಐವತ್ತು ದಾಟಿದ ಹೆಂಗಸೊಬ್ಬಳು ಸೆರಗಿಗೆ ಕೈ ಒರೆಸುತ್ತ ಬಂದಳು. ನಾನು ಯಂತ್ರ ಜೋಡಿಸುವಾಗ ಹೊಸ ಸೊಸೆಯ ಸಂಕೋಚದಲ್ಲಿ ಕಂಬದ ಹಿಂದೆ ನಿಂತು ನೋಡುತ್ತಿದ್ದ ಗಂಗವ್ವ. ಅಂದು ಯಂತ್ರ ಕಲಿಯಬೇಕಾದವರು ಮನೆಯ ಗಂಡಸರು. ಕಲಿತದ್ದು ಕಂಬದ ಹಿಂದಿದ್ದವಳು.

“ಯಾರ್ರಿ?” ಎಂದು ಕಣ್ಣು ಕಿರಿದು ಮಾಡಿ ನೋಡಿದಳು. “ಅಯ್ಯ! ಕಂಪ್ಯೂಟರ್ ಸರ ಹೌದಿಲ್ರಿ? ಕೂದ್ಲ ಎಲ್ಲಿ ಹೋದ್ವರಿ?”

“ಹಳೇವು ಆಗಿದ್ವು ಗಂಗಕ್ಕ, ತಗದಬಿಟ್ಟೆ” ಎಂದೆ.

ಪಡಸಾಲೆಯಲ್ಲಿ ಯಂತ್ರ ಇತ್ತು. ಇತ್ತೇನು ಬಂತು, ನಡೆಯುತ್ತಿತ್ತು. ಮೇಲೆ ಒಂದು ಕಸೂತಿಯ ಬಟ್ಟೆ ಹೊದಿಸಿದ್ದರು, ಕುಂಕುಮ ಹಚ್ಚಿದ್ದರು. ಸುತ್ತಲಿನ ಮಗ್ಗಗಳಿಗೆಲ್ಲ ರಟ್ಟು ಹೊಡೆದುಕೊಡುವವಳು ಈಗ ಗಂಗವ್ವನೇ. ಗೋಡೆಯ ಮೇಲೆ ಮೊಳೆಗೆ ನೇತುಹಾಕಿದ, ಅಂಚು ಸವೆದು ಹಳದಿಯಾದ ಒಂದು ಹಾಳೆ ಕಾಣಿಸಿತು. ಹತ್ತಿರ ಹೋದೆ. ನನ್ನದೇ ದುಂಡು ಅಕ್ಷರ.

“ಅದನ್ನ ಓದಬ್ಯಾಡ್ರಿ ಸರ” ಎಂದಳು ಗಂಗವ್ವ, “ನಿಮಗ ಬ್ಯಾಸರ ಆಗತೈತಿ.”

ಓದದೇ ಇರಲಾಯಿತೇ? ಮೂರನೆಯ ಸಾಲಿನ ಪಕ್ಕದಲ್ಲಿ ಬಾಲ್‌ಪೆನ್ನಿನಲ್ಲಿ ‘ಇದು ಬ್ಯಾಡ’ ಎಂದಿತ್ತು. ಐದನೆಯದರ ಪಕ್ಕ ‘ಸುಳ್ಳು’. ಏಳರ ಪಕ್ಕ ‘ಎರಡ ಸಲ ಮಾಡು’. ಒಂಬತ್ತರಿಂದ ಒಂದು ಬಾಣ ಹೊರಟು ಎರಡನೆಯದರ ತಲೆಯ ಮೇಲೆ ಬಂದು ಕೂತಿತ್ತು. ಎಲ್ಲಕ್ಕಿಂತ ಕೆಳಗೆ ದಪ್ಪಗೆ, ‘ಆಗಲಿಲ್ಲಂದ್ರ ಬಂದ್ ಮಾಡಿ ಚಾ ಕುಡಿ’. ಕೇಳಿದರೆ, ನಡುವೆ ಒಮ್ಮೆ ಕಂಪ್ಯೂಟರ್ ಕೆಟ್ಟು ರಿಪೇರಿಯವರು ಹೊಸದನ್ನು ಹಾಕಿ, ಹೊಸ ಸಿಸ್ಟಮ್ ತುಂಬಿ ಹೋಗಿದ್ದರು. ಆಮೇಲೆ ಹಾಳೆ ಹೇಳಿದ್ದು ನಡೆಯಲಿಲ್ಲ. ಗಂಗವ್ವ ಒಂದು ತಿಂಗಳು ದಿನಕ್ಕೊಂದು ಸಾಲು ಹಿಡಿದು, ಮಾಡಿ ನೋಡಿ, ಬಿಟ್ಟು ನೋಡಿ, ಎಲ್ಲವನ್ನೂ ತಿದ್ದಿದ್ದಳು.

“ಆದ್ರ ಸರ, ನಾಕನೇದು ಮಾತ್ರ ಮೊದ್ಲಿನಿಂದನ ತಪ್ಪಿತ್ತು” ಎಂದಳು. “ದೀಪ ಆರೂತನ ಕಾಯಿರಿ ಅಂತ ಬರದೀರಿ. ಆ ದೀಪ ಆರೂದ ಇಲ್ರಿ. ಮೊದ್ಲನೇ ದಿನ ನಾ ಮುಂಜಾನಿಂದ ಸಂಜೀತನ ಅದರ ಮುಂದ ಕುಂತೆ. ನಮ್ಮತ್ತಿ, ಸೊಸಿಗೆ ಏನೋ ಬಡಕೊಂಡೈತಿ ಅಂತ ನಿಂಬಿಹಣ್ಣ ಇಳಸಿದ್ರು.”

ಹಾಳೆಯ ಇಂಗ್ಲಿಷ್ ಸಾಲು ನೋಡಿದೆ. ದೀಪ ಮಿನುಗುವುದು ನಿಲ್ಲುವವರೆಗೆ ಕಾಯಿರಿ ಎಂದಿತ್ತು. ಮಿನುಗುವುದು ನಿಲ್ಲುವುದಕ್ಕೂ ಆರುವುದಕ್ಕೂ ಇರುವ ಅಂತರದಲ್ಲಿ ಒಬ್ಬ ಹೆಣ್ಣುಮಗಳು ಒಂದಿಡೀ ಹಗಲು ಕೂತಿದ್ದಳು. ಟೀಕೆ ಬರೆದ ಮುತ್ತಜ್ಜ ಎಲ್ಲಿದ್ದಾರೋ, ಮೇಲಿನಿಂದ ನೋಡುತ್ತಿದ್ದರೆ ಮುಖ ತಿರುಗಿಸಿರಬೇಕು. ಚಹಾ ಬಂತು. ತಲೆ ತಗ್ಗಿಸಿಕೊಂಡು ನಾನು ಬಂದ ಕಾರಣ ಹೇಳಿದೆ. ಈ ಹಾಳೆಯ ಮೂಲವನ್ನು ತೆಗೆದುಹಾಕಲು ಬರೆದಿದ್ದೇನೆ, ಬಳಸುವವರು ಯಾರೂ ಇಲ್ಲ ಎಂದುಬಿಟ್ಟಿದ್ದೇನೆ, ಈಗ ನೀವು ತೆಗೆಯುವುದು ಬೇಡವೆಂದರೆ ಹೇಗಾದರೂ ಉಳಿಸುತ್ತೇನೆ ಎಂದೆ. ಉಳಿಸಲಿಕ್ಕಾಗಿ ನಾನು ಯಾರ ಕಾಲು ಹಿಡಿಯಬೇಕೆಂದು ಮನಸ್ಸಿನಲ್ಲಿ ಇಮೇಲ್ ಕೂಡ ಬರೆದುಕೊಂಡಾಗಿತ್ತು.

“ನಮ್ಮ ಯಂತ್ರ ನಿಲ್ಲತೈತೇನ್ರಿ?” ಎಂದು ಗಂಗವ್ವ ತಕ್ಷಣ ಕೇಳಿದಳು. ಬಟ್ಟಲು ಹಿಡಿದ ಕೈ ಅರ್ಧಕ್ಕೆ ನಿಂತಿತ್ತು.

“ಇಲ್ಲ ಇಲ್ಲ. ಯಂತ್ರಕ್ಕ ಏನೂ ಆಗೂದಿಲ್ಲ. ಬರದದ್ದಷ್ಟ ಹೋಗ್ತದ.”

“ಹಂಗಾರ ತಗೀರಿ!” ಬಟ್ಟಲು ಕೆಳಗಿಟ್ಟಳು. “ಇಷ್ಟ ದಿನಾ ಇಟ್ಟೀರಲ್ಲ, ಅದ ತಪ್ಪು. ನನ್ನಂಗ ಇನ್ನ ಎಷ್ಟ ಮಂದಿ ಅದನ್ನ ನಂಬಿ ಕುಂತಿರಬೇಕು. ಬಾಯಿಂದ ಸುಳ್ಳ ಹೇಳಿದ್ರ ಮಾರಿ ನೋಡಿ ತಿಳಕೋಬಹುದು. ಹಾಳಿಗೆ ಮಾರಿ ಇರ್ತೈತೇನ್ರಿ?”

ಇಷ್ಟು ವರ್ಷಗಳಲ್ಲಿ ನನ್ನ ಕೆಲಸವನ್ನು ಯಾರೂ ಹೀಗೆ ಎತ್ತಿ ಹಿಡಿದಿರಲಿಲ್ಲ. ಕಣ್ಣು ತುಂಬಿ ಬಂತೆಂದರೆ ವೈಜಯಂತಿ ನಗುತ್ತಾಳೆ. ಚಹಾದ ಹಬೆ ಎಂದು ಇಟ್ಟುಕೊಳ್ಳೋಣ. ಆದರೆ ಗೋಡೆಯ ಕಡೆ ನೋಡಿದಾಗ ಇನ್ನೊಂದು ವಿಚಾರ ಹೊಳೆಯಿತು. ಪುಟ ಹೋದ ಮೇಲೆ ಆ ಪೆಟ್ಟಿಗೆಯನ್ನು ಸರಿಯಾಗಿ ನಡೆಸುವ ಬಗೆ ಬರಹದಲ್ಲಿ ಉಳಿಯುವುದು, ನನಗೆ ತಿಳಿದ ಮಟ್ಟಿಗೆ, ಗುಳೇದಗುಡ್ಡದ ಈ ಒಂದು ಮೊಳೆಯ ಮೇಲೆ ಮಾತ್ರ. ಬುತ್ತಿ ಬಿಚ್ಚಿ ಉಂಡು, ನೋಟ್‌ಬುಕ್ ತೆಗೆದೆ. “ಗಂಗಕ್ಕ, ಮೊದ್ಲಿನಿಂದ ಒಂದ್ಸಲ ಮಾಡಿ ತೋರ್ಸರಿ” ಎಂದೆ. ಅವಳು ಮಾಡುತ್ತ ಹೋದಳು, ನಾನು ಬರೆಯುತ್ತ ಹೋದೆ. ಗುಂಡಿ ಒತ್ತಿದಳು, ರಟ್ಟು ಸರಿಸಿದಳು, ದೀಪ ಮಿನುಗಿ ನಿಂತಿತು, ಯಂತ್ರ ಕಟಕಟ ಶುರು ಮಾಡಿತು. ರಟ್ಟಿನ ತೂತುಗಳಿಂದ ಬಿಸಿಲು ತೂರಿ ನೆಲದ ಮೇಲೆ ಸಣ್ಣ ಸಣ್ಣ ಬೆಳಕಿನ ಹನಿಗಳು ಬಿದ್ದವು. ಇನ್ನು ಕೆಲವು ದಿನಕ್ಕೆ ಯಾರದೋ ತೋಳಿನ ಮೇಲೆ ಹೂವಾಗಿ ಕೂರುವ ಆ ಬೆಳಕನ್ನು ನೋಡುತ್ತ ನಾನು ಎಷ್ಟು ಹೊತ್ತು ಕೂತೆನೋ, ಕೊನೆಯ ಬಸ್ಸಿನ ಹಿಂದಿನ ಬಸ್ಸು ತಪ್ಪಿತು.

ಮರುದಿನ ಉಸ್ತುವಾರಿ ಹೆಣ್ಣುಮಗಳಿಗೆ ಸತ್ಯ ಬರೆದೆ. ಬಳಸುವವರು ಒಬ್ಬರಿದ್ದಾರೆ, ಹಳೆಯ ಪುಟವನ್ನು ತೆಗೆಯಲೇಬೇಕೆಂದು ಒತ್ತಾಯ ಮಾಡುತ್ತಿರುವವರೂ ಅವರೇ, ಅವರು ತಿದ್ದಿದ ಹೊಸ ಪುಟ ಇದರೊಂದಿಗಿದೆ ಎಂದೆ. ನಾನು ಎಣಿಸಿದ್ದ ಬೈಗುಳ ಬರಲಿಲ್ಲ. ಎರಡು ಪ್ರಶ್ನೆ ಮಾತ್ರ ಬಂದವು. ಆಗದಿದ್ದರೆ ಬಂದ್ ಮಾಡಿ ಹತ್ತು ನಿಮಿಷ ಕಾಯಿರಿ ಎಂದು ಬರೆದಿದ್ದೀರಿ, ಹತ್ತು ನಿಮಿಷವೇ ಏಕೆ? ಚಹಾ ಕುದಿಸಿ ಕುಡಿದು ಮುಗಿಸಲು ಅಷ್ಟು ಬೇಕು ಎಂದು ಉತ್ತರಿಸಿದೆ. ಎರಡನೆಯದು, ಆರನೆಯ ಸಾಲಿನಲ್ಲಿ ಪೆಟ್ಟಿಗೆಯ ಗುಂಡಿಯನ್ನು ಎಡಗೈಯಿಂದಲೇ ಒತ್ತಬೇಕು ಎಂದಿದೆ, ಅದಕ್ಕೆ ಕಾರಣವೇನು? ಅನುಭವಸ್ಥರು ಬಳಸುವಾಗ ಕಣ್ಣಾರೆ ಕಂಡು ಬರೆದದ್ದು ಎಂದು ಸ್ವಲ್ಪ ಗತ್ತಿನಿಂದಲೇ ಬರೆದೆ. ಹಳೆಯ ಪುಟ ಹೋಯಿತು, ಹೊಸದು ಬಂತು. ಅಡಿಯಲ್ಲಿ ಗಂಗವ್ವನಿಗೆ ಕೃತಜ್ಞತೆ, ಅದರ ಕೆಳಗೆ ಇನ್ನುಮುಂದೆ ಈ ಪುಟಕ್ಕೆ ಜವಾಬ್ದಾರನೆಂದು ನನ್ನ ಹೆಸರು. ಜೀವಮಾನದಲ್ಲಿ ಮೊದಲ ಬಾರಿಗೆ ಏನೋ ಒಂದನ್ನು ಸೇರಿಸಿದ್ದೆ. ವೈಜಯಂತಿ, “ಇಳಕಲ್ಲಿನ ಮದುವಿಯಾಗ ಇನ್ನ ಏನಂತ ಹೇಳ್ಲಿ?” ಎಂದು ನಿಜವಾಗಿಯೇ ಚಿಂತೆಗೆ ಬಿದ್ದಳು.

ಹಿಗ್ಗು ತಡೆಯಲಾಗದೆ ಗಂಗವ್ವನಿಗೆ ಫೋನು ಹಚ್ಚಿದೆ. ನಿಮ್ಮ ಹೆಸರು ಜಗತ್ತೆಲ್ಲ ಓದುತ್ತದೆ ಎಂದು ಹೇಳಿ, ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದಿ ತೋರಿಸಿದೆ. ಪ್ರತಿ ಸಾಲಿಗೂ “ಹ್ಞೂಂ, ಬರೋಬ್ಬರಿ ಐತ್ರಿ” ಎನ್ನುತ್ತಿದ್ದಳು. ಆರನೆಯದಕ್ಕೆ ನಡುವೆಯೇ ತಡೆದಳು.

“ಎಡಗೈಲೆ ಯಾಕ್ರಿ ಸರ?”

“ನೀವು ಹಂಗ ಒತ್ತಿದ್ರಲ್ಲ?”

“ಅಯ್ಯ, ನಾ ಎಡಚಿ ಅದೀನ್ರಿ!” ಎಂದು ಅವಳು ನಕ್ಕ ನಗೆಗೆ ಹಿಂದಿನ ಮಗ್ಗದ ಸದ್ದು ಮುಚ್ಚಿಹೋಯಿತು.

ಪುಟದಿಂದ ಆ ‘ಎಡಗೈ’ಯನ್ನು ತೆಗೆಯಲು ನನಗೆ ಎರಡು ನಿಮಿಷ ಸಾಕು. ತಿದ್ದುಪಡಿ ಬರೆದೂ ಆಯಿತು. ಕಳಿಸಬೇಕೆನ್ನುವಷ್ಟರಲ್ಲಿ ಹೆಸರು ಕೇಳದ ಒಂದು ಊರಿನಿಂದ ಇಮೇಲ್ ಬಂತು. ಹಳೆಯ ಹೆಣಿಗೆ ಯಂತ್ರಕ್ಕೆ ಅದೇ ಪೆಟ್ಟಿಗೆ ಜೋಡಿಸಿಕೊಂಡ ಒಬ್ಬಾತ ಬರೆದಿದ್ದ. ವರ್ಷಗಳಿಂದ ಅದು ಒಮ್ಮೆ ನಡೆದರೆ ಮೂರು ಸಲ ಹಠ ಮಾಡುತ್ತಿತ್ತಂತೆ. ನಿಮ್ಮ ಆರನೆಯ ಸಾಲು ಓದಿದ ಮೇಲೆಯೇ ನನ್ನ ತಪ್ಪು ತಿಳಿಯಿತು, ಈಗ ಎಡಗೈಯಿಂದ ಒತ್ತುತ್ತಿದ್ದೇನೆ, ಒಂದು ಸಲವೂ ಕೈಕೊಟ್ಟಿಲ್ಲ, ನಿಮಗೆ ಋಣಿ ಎಂದಿದ್ದ. ಮೂರು ವಾರವಾಯಿತು, ತಿದ್ದುಪಡಿ ಕಳಿಸಿಲ್ಲ. ವೈಜಯಂತಿ ದಿನಾ ಸಂಜೆ ಕೇಳುತ್ತಾಳೆ, ನಾಳೆ ಎನ್ನುತ್ತೇನೆ. ಮೊನ್ನೆ ಲ್ಯಾಬಿನ ಪ್ರಿಂಟರ್ ಮುಂಜಾನೆಯಿಂದ ಹಠ ಹಿಡಿದಿತ್ತು, ಏನು ಮಾಡಿದರೂ ಕೇಳಲಿಲ್ಲ. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಎಡಗೈಯಿಂದ ಒತ್ತಿದೆ. ನಡೆಯಿತು.